ಒಂದೇ ಮನೆಯಲ್ಲಿ ಎರಡು ಥರದ ನಡುಕ, ಜೀನ್ ಟೆಸ್ಟ್ ನಾರ್ಮಲ್. ಮುಂದೇನು?

ಮೆಟ್ಟುಗತ್ತಿ (ತೀರ್ಥಹಳ್ಳಿ): ಅಪ್ಪನಿಗೆ ಪಾರ್ಕಿನ್ಸನ್ ಅಂದಿದ್ದಾರೆ. ಕೈ ಸುಮ್ನೆ ತೊಡೆ ಮೇಲಿದ್ದರೆ ನಡುಗುತ್ತದೆ, ಅಡಿಕೆ ಸುಲಿಯಲು ಕೂತರೆ ನಿಂತೇ ಹೋಗುತ್ತದೆ! ದೊಡ್ಡಪ್ಪನದು ಉಲ್ಟಾ. ಕಾಫಿ ಲೋಟ ಬಾಯಿ ಹತ್ತಿರ ತರುವಾಗಲೇ ಚೆಲ್ಲುತ್ತದೆ, ನಡೆದರೆ ವಾಲುತ್ತಾರೆ. ಅವರಿಗೆ ಬೆಂಗಳೂರಲ್ಲಿ ಎಕ್ಸೋಮ್ ಟೆಸ್ಟ್ (ಜೀನ್‌ಗಳ ಮುಖ್ಯ ಭಾಗಗಳನ್ನೆಲ್ಲ ಒಟ್ಟಿಗೆ ಓದುವ ಟೆಸ್ಟ್) ಮಾಡಿಸಿದೆವು, ನಾರ್ಮಲ್ ಬಂತು. ರಿಪೀಟ್ ಎಕ್ಸ್‌ಪಾನ್ಷನ್ ಅಂತ ಒಂದಿದೆಯಂತೆ, ಅದನ್ನೂ ನೋಡಿರುತ್ತಾರಾ?

ಲ್ಯಾಬ್ ಹುಡುಗಿ: ಸಾಮಾನ್ಯವಾಗಿ ಇಲ್ಲ. ಡಿಎನ್‌ಎಯಲ್ಲಿ ಸಿಎಜಿ ಥರದ ಮೂರಕ್ಷರ ಸಾಲಾಗಿ ಮತ್ತೆ ಮತ್ತೆ ಬರುವ ಜಾಗಗಳು ಎಲ್ಲರಲ್ಲೂ ಇವೆ. ಸಂಖ್ಯೆ ಮಿತಿ ದಾಟಿದರೆ ಕಾಯಿಲೆ. ಹಂಟಿಂಗ್ಟನ್ ಅನ್ನುವ ಮಿದುಳಿನ ಕಾಯಿಲೆಯಲ್ಲಿ 40 ದಾಟಿದರೆ ಕಾಯಿಲೆ ಬಂದೇ ಬರುತ್ತದೆ. ಎಕ್ಸೋಮ್ ಟೆಸ್ಟ್ ಓದುವುದು ಸುಮಾರು 150 ಅಕ್ಷರದ ತುಂಡುಗಳನ್ನು, ತುಂಡು ಪೂರ್ತಿ ಸಿಎಜಿ ಸಿಎಜಿ ಅಂತಲೇ ಇದ್ದರೆ ಒಟ್ಟು ಎಷ್ಟು ಸಲ ಬಂದಿದೆ ಅಂತ ಎಣಿಸುವುದು ಹೇಗೆ? ಅದಕ್ಕೆ ಆ ಜಾಗವನ್ನೇ ಅಳೆಯುವ ಬೇರೆ ಪಿಸಿಆರ್ ಟೆಸ್ಟ್ ಬೇಕು. ವಂಶದಲ್ಲಿ ಬರುವ ಎಸ್‌ಸಿಎ2, ಎಸ್‌ಸಿಎ3 ಅನ್ನುವ ಮಿದುಳಿನ ಕಾಯಿಲೆಗಳು ಎರಡೂ ಇಂಥವೇ. ಸಾಮಾನ್ಯವಾಗಿ ನಡಿಗೆ ತಪ್ಪಿಸುತ್ತವೆ, ಆದರೆ ಕೆಲವು ಕುಟುಂಬಗಳಲ್ಲಿ ಥೇಟ್ ಪಾರ್ಕಿನ್ಸನ್ ಥರವೇ ಬಂದು ಪಾರ್ಕಿನ್ಸನ್‌ಗೆ ಕೊಡುವ ಲೆವೊಡೋಪಾ ಗುಳಿಗೆಗೂ ಬಗ್ಗುತ್ತವೆ.

ಸಾಗರದ ಡಾಕ್ಟ್ರು: ಎರಡೂ ನಡುಕಕ್ಕೆ ಒಂದೇ ಕಾರಣ ಹುಡುಕಬೇಡಿ. ಅಪ್ಪನದು ಮಾಮೂಲಿ ಪಾರ್ಕಿನ್ಸನ್ ಇರಬಹುದು. ದೊಡ್ಡಪ್ಪನ ವಿಷಯದಲ್ಲಿ ನಾನಾದರೆ ಎಫ್‌ಎಂಆರ್1 ಜೀನ್ ನೋಡಿಸುತ್ತಿದ್ದೆ. ಅಲ್ಲಿ ಸಿಜಿಜಿ 55ರಿಂದ 200 ಸಲ ಇದ್ದರೆ, 50 ದಾಟಿದ ಕೆಲವು ಗಂಡಸರಿಗೆ ಹೀಗೇ ಕೈ ನಡುಗಿ ನಡಿಗೆ ತೂರಾಡುತ್ತದೆ. ಪಾರ್ಕಿನ್ಸನ್ ಲಕ್ಷಣಗಳೂ ಸೇರಿಕೊಳ್ಳುತ್ತವೆ. ಎಫ್‌ಎಕ್ಸ್‌ಟಿಎಎಸ್ ಅನ್ನುತ್ತಾರೆ. ಇದು ಇರುವ ಗಂಡಸಿನಿಂದ ಅವನ ಹೆಣ್ಣುಮಕ್ಕಳಿಗೆಲ್ಲ ಹೋಗುತ್ತದೆ, ಗಂಡುಮಕ್ಕಳಿಗೆ ಹೋಗುವುದಿಲ್ಲ. ಮಗಳಿಂದ ಮೊಮ್ಮಗನಿಗೆ ಹೋಗುವಾಗ 200 ದಾಟಿದರೆ ಫ್ರಜೈಲ್ ಎಕ್ಸ್ ಅನ್ನುವ ಕಾಯಿಲೆ, ಮಗುವಿನ ಮಾತು, ಕಲಿಕೆ ಎಲ್ಲ ಹಿಂದೆ ಬೀಳುತ್ತದೆ. ಇದು ಇರುವ ಕೆಲವು ಹೆಂಗಸರಿಗೆ ಮುಟ್ಟು ಬೇಗ ನಿಲ್ಲುತ್ತದೆ, ದೊಡ್ಡಪ್ಪನ ಮಗಳಿಗೆ 40ಕ್ಕೆ ಮೊದಲೇ ನಿಂತಿದೆಯಾ? ಮೊಮ್ಮಕ್ಕಳು ಹೇಗಿದ್ದಾರೆ? ನಮ್ಮ ಕಡೆ ಇದನ್ನೆಲ್ಲ ಯಾರೂ ಕೇಳುವುದೇ ಇಲ್ಲ, ಬರೀ ನಡುಗುವ ಕೈ ನೋಡುತ್ತಾರೆ.

ಹೊಸನಗರ ಮಳೆ: ಟೆಸ್ಟ್ ಮಾಡಿಸಿ ಏನು ಲಾಭ ಸಾರ್, ಗುಳಿಗೆ ಬದಲಾಗುತ್ತಾ? ನಮ್ಮ ಕಡೆ ನಸುಗುನ್ನಿ ಬೀಜದ ಪುಡಿ ಕೊಡುತ್ತಾರೆ.

ಸಾಗರದ ಡಾಕ್ಟ್ರು: ಗುಳಿಗೆ ಹೆಚ್ಚೇನೂ ಬದಲಾಗಲ್ಲ ನಿಜ. ಲಾಭ ಮುಂದಿನ ತಲೆಮಾರಿಗೆ. ನಸುಗುನ್ನಿಯಲ್ಲಿ ಇರುವುದೂ ಲೆವೊಡೋಪಾನೇ, ಗುಳಿಗೆ ಜೊತೆ ಕೊಟ್ಟರೆ ಡೋಸ್ ಜಾಸ್ತಿ ಆಗುತ್ತದೆ. ಬೇಡ.

ಮೆಟ್ಟುಗತ್ತಿ (ತೀರ್ಥಹಳ್ಳಿ): ಡಾಕ್ಟ್ರೇ, ದೊಡ್ಡಪ್ಪನ ಮಗಳ ಮಗ ಮಾತಾಡಲು ಶುರು ಮಾಡಿದ್ದೇ ನಾಲ್ಕು ವರ್ಷಕ್ಕೆ. ಅಕ್ಕನಿಗೆ ಈಗಲೇ ಫೋನ್ ಮಾಡುತ್ತೇನೆ. ಮೊದಲು ಟೆಸ್ಟ್ ಯಾರಿಗೆ, ದೊಡ್ಡಪ್ಪನಿಗಾ ಹುಡುಗನಿಗಾ?

ಸಾಗರದ ಡಾಕ್ಟ್ರು: ಹುಡುಗನಿಗೆ. ಅದಕ್ಕೂ ಮೊದಲು ಅಕ್ಕನನ್ನು ಜೆನೆಟಿಕ್ ಕೌನ್ಸೆಲಿಂಗ್‌ಗೆ ಕರೆದುಕೊಂಡು ಹೋಗಿ.