ಅಪ್ಪನ ಕುಡಿತ, ಹೊಡೆತ ನೋಡ್ಕೊಂಡೇ ಬೆಳೆದೋರು ಕಾಲೇಜಲ್ಲಿ ಹೇಗೆ ಸಂಭಾಳಿಸಿದ್ರಿ?

ಪಿಜಿ_ಹುಡುಗಿ: ಎಂಎಸ್ಸಿ ಎರಡನೇ ಸೆಮ್, ವಿಜಯನಗರದಲ್ಲಿ ಪಿಜಿ. ಚಿಕ್ಕೋಳಿದ್ದಾಗಿಂದ ಅಪ್ಪ ಕುಡಿದು ಬಂದು ನನಗೂ ಅಮ್ಮಂಗೂ ಹೊಡೀತಿದ್ರು. ಈಗ ಪಕ್ಕದ ರೂಮೋರು ಬಾಗಿಲು ಜೋರಾಗಿ ಹಾಕಿದ್ರೂ ಎದೆ ಡವಡವ ಅನ್ನುತ್ತೆ, ನಿದ್ದೆ ಇಲ್ಲ, ಇಂಟರ್ನಲ್ಸ್ ಬರೀಲಿಲ್ಲ. ಪ್ರೈವೇಟ್ ಕೌನ್ಸೆಲರಾ, ನಿಮ್ಹಾನ್ಸಾ? ಮನೇಲಿ ಹೇಳ್ಬೇಕಾ?

ಜಯನಗರ_ಫೋರ್ತ್_ಬ್ಲಾಕ್: ಪ್ರೈವೇಟ್‌ಗೇ ಹೋಗಮ್ಮ. ನಾನು ಓದ್ತಿದ್ದಾಗ ಐವತ್ತು ನಿಮಿಷಕ್ಕೆ 1500, ವಾರಕ್ಕೊಂದು ಸಲ ಅಂದ್ರೆ ತಿಂಗಳಿಗೆ 6000, ನನ್ನ ಪಿಜಿ ಬಾಡಿಗೆನೇ 7500 ಇತ್ತು, ಮಕ್ಕಳಿಗೆ ಟ್ಯೂಷನ್ ಹೇಳ್ಕೊಟ್ಟು ಕಟ್ಟಿದೆ. ಮೊದಲನೆಯವರು "ತಂದೆನ ಕ್ಷಮಿಸಿಬಿಡಿ, ಮನಸ್ಸು ಹಗುರ ಆಗುತ್ತೆ" ಅಂದ್ರು, ಎದ್ದು ಬಂದೆ, ಅವತ್ತಿನ ದುಡ್ಡು ನೀರಲ್ಲಿಟ್ಟ ಹೋಮ. ಇನ್ನೊಬ್ಬರು ಮಧ್ಯದಲ್ಲಿ 1800 ಮಾಡಿದ್ರು, ಸಿಲ್ಕ್ ಬೋರ್ಡ್ ಟ್ರಾಫಿಕ್ಕಲ್ಲಿ ಸಿಕ್ಕಾಕ್ಕೊಂಡು ಲೇಟಾದ್ರೂ ಪೂರ್ತಿ ಫೀಸ್ ಹಿಡ್ಕೊಂಡ್ರು. ಆದ್ರೂ ಹೊಡೆತ ಬಿದ್ದಿದ್ದು ನನ್ನ ತಪ್ಪಿಂದಲ್ಲ ಅಂತ ನನ್ನ ಬಾಯಲ್ಲೇ ಬರೋ ಹಂಗೆ ಮಾಡಿದ್ದು ಅವರೇ. ಒಂದು ರೂಪಾಯಿಗೂ ಬೇಜಾರಿಲ್ಲ.

ಹೊಸೂರ್_ರೋಡ್: ತಿಂಗಳಿಗೆ 6000 ಎಲ್ಲಿಂದ ತರ್ತಾಳೆ ಆ ಹುಡುಗಿ? ನಾನು ನಿಮ್ಹಾನ್ಸ್‌ಗೆ ಹೋದೋನು. ಬೆಳಗ್ಗೆನೇ ಹೋಗಿ ಚೀಟಿ ಮಾಡ್ಸಿ ಕೂತ್ರೆ ಅರ್ಧ ದಿನ ಅಲ್ಲೇ. ಜೂನಿಯರ್ ಡಾಕ್ಟ್ರು ಹುಟ್ಟಿದಾಗಿಂದ ಎಲ್ಲಾ ಕೇಳಿ ಫೈಲಲ್ಲಿ ಬರ್ಕೊಂಡ್ರು, ಆಮೇಲೆ ಸೀನಿಯರ್ ಮುಂದೆ ಅದೇ ಕಥೆ ಮತ್ತೆ, ಅದು ಹಿಂಸೆನೇ. ಎಸಿಟಲೋಪ್ರಾಮ್ ಅನ್ನೋ ಡಿಪ್ರೆಷನ್ ಮಾತ್ರೆ ಕೊಟ್ರು. ಶುರೂಲಿ ವಾಕರಿಕೆ, ಮೆಸ್ಸಲ್ಲಿ ಒಗ್ಗರಣೆ ವಾಸನೆ ಬಂದ್ರೆ ಎದ್ದು ಓಡ್ತಿದ್ದೆ, ಅದು ಕೆಲಸ ಮಾಡೋಕೇ ವಾರಗಟ್ಲೆ ಬೇಕು. ರೂಮ್‌ಮೇಟ್ ಮಾತ್ರೆ ಶೀಟ್ ನೋಡಿ ಇಡೀ ಫ್ಲೋರ್‌ಗೆ ಹೇಳಿದ. ಆದ್ರೂ ಡಿಗ್ರಿ ಮುಗಿಸ್ದೆ. ರಾತ್ರಿ ತಡ್ಕೊಳಕ್ಕಾಗ್ಲಿಲ್ಲ ಅಂದ್ರೆ ಟೆಲಿ ಮಾನಸ್ ಅನ್ನೋ ಸರ್ಕಾರಿ ಹೆಲ್ಪ್‌ಲೈನ್ ಇದೆ, 14416, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡು ಕೊಡ್ಬೇಕಿಲ್ಲ.

ಮದ್ದೂರ್_ಎಕ್ಸ್‌ಪ್ರೆಸ್: ಎಲ್ರ ಮನೇಲೂ ಏಟು ತಿಂದೇ ಬೆಳೆದಿದ್ದು. ನಮ್ಮಪ್ಪ ಬಾರುಕೋಲಲ್ಲಿ ಬಾರಿಸ್ತಿದ್ದ. ನಾನು ಯಾವ ಡಾಕ್ಟ್ರ ಹತ್ರಾನೂ ಹೋಗ್ಲಿಲ್ಲ, ಓದಿ ಕೆಲಸ ಹಿಡಿದು ಅವ್ವನ್ನ ಕರ್ಕೊಂಡು ಬಂದು ಕೆಂಗೇರೀಲಿ ಮನೆ ಮಾಡಿದೆ. ಅದೇ ಔಷಧಿ.

ಜಯನಗರ_ಫೋರ್ತ್_ಬ್ಲಾಕ್: ಅವ್ವನ್ನ ಕರ್ಕೊಂಡು ಬಂದಿದ್ದು ದೊಡ್ಡದು, ಅದಕ್ಕೆ ಕೈ ಮುಗೀತೀನಿ. ಆದ್ರೆ ಎಲ್ರಿಗೂ ಹಂಗೇ ಅನ್ಬೇಡಿ ಸರ್, ಮೈ ಉರಿಯುತ್ತೆ. ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ 9,500ಕ್ಕೂ ಹೆಚ್ಚು ಜನರನ್ನ ಕೇಳಿ ಮಾಡಿ, 1998ರಲ್ಲಿ ಪ್ರಕಟ ಆದ ಸ್ಟಡಿ ಇದೆ. ಹೊಡೆತ, ಕುಡುಕರ ಮನೆ, ಅಮ್ಮಂಗೆ ಹಿಂಸೆ, ಇಂಥವು ನಾಲ್ಕು ಅಥವಾ ಜಾಸ್ತಿ ಕಂಡೋರಿಗೆ ಡಿಪ್ರೆಷನ್, ಕುಡಿತ, ಆತ್ಮಹತ್ಯೆ ಪ್ರಯತ್ನದ ರಿಸ್ಕ್, ಏನೂ ಕಾಣದೋರಿಗಿಂತ 4ರಿಂದ 12 ಪಟ್ಟು.

ಎಂಎ_ಸೈಕಾಲಜಿ: ಅಕ್ಕ, ಇಂಥವು ಎಷ್ಟು ಕಂಡಿದ್ದೀವಿ ಅಂತ ಎಣಿಸೋ ಆ ಸ್ಕೋರ್ ಇಡೀ ಜನಸಮೂಹದ ಲೆಕ್ಕ, ಒಬ್ಬಳ ಹಣೆಬರಹ ಅಲ್ಲ, ಅವಳನ್ನ ಹೆದರಿಸ್ಬೇಡಿ. ನಾನು ನನ್ನ ಸ್ಕೋರ್ ಹಾಕ್ಕೊಂಡು ಮಂಕಾಗಿ ಕೂತಿದ್ದೆ. ನನಗೆ ಕಾಲೇಜ್ ಕೌನ್ಸೆಲರಿಂದಾನೇ ಏಟು ಬಿದ್ದಿದ್ದು, ನಂಬಿ ಹೇಳಿದ್ದು ಎಚ್‌ಒಡಿಗೆ ಹೋಯ್ತು, ಅವರು ಮನೆಗೆ ಫೋನ್ ಮಾಡಿದ್ರು, ಅಪ್ಪ ಬಂದು ಕಾರಿಡಾರಲ್ಲೇ ಕಿರುಚಾಡಿದ್ರು, ಹಾಸ್ಟೆಲ್ ಫೀಸ್ 42,000 ಕಟ್ಟಲ್ಲ ಅಂದ್ರು. 2017ರ ಮಾನಸಿಕ ಆರೋಗ್ಯ ಕಾಯ್ದೇಲಿ ಗೌಪ್ಯತೆ ಹಕ್ಕು ಇದೆ, ಅದನ್ನ ಎಲ್ರೂ ಕೇಳಿ ಪಡೀಬೇಕು.

ಮದ್ದೂರ್_ಎಕ್ಸ್‌ಪ್ರೆಸ್: ಕಾಯ್ದೆ ಇಟ್ಕೊಂಡು ಫೀಸ್ ಕಟ್ಟಕ್ಕಾಗುತ್ತಾ? ಮನೆಯೋರನ್ನ ದೂರ ಮಾಡ್ಕೊಂಡು ಎಲ್ಲಿಗೆ ಹೋಗ್ತೀರ?

ಎಂಎ_ಸೈಕಾಲಜಿ: ಚಿಕ್ಕಮ್ಮನ ಮನೆಗೆ ಹೋದೆ ಸರ್, ಫೀಸ್ ಅವರೇ ಕಟ್ಟಿದ್ರು. ನಿಮಗೆ ಅವ್ವ ಇದ್ರು. ನನಗೆ ಹೊಡೀತಿದ್ದಿದ್ದೇ ಅಮ್ಮ.

ಹೊಸೂರ್_ರೋಡ್: ಅದೇ ಕಾಯ್ದೇಲಿ ಇನ್ಶೂರೆನ್ಸೂ ಬೇರೆ ಕಾಯಿಲೆ ಥರಾನೇ ಕೊಡ್ಬೇಕು ಅಂತಿದೆ. ಜಯನಗರದೋರು ಬಿಲ್ ಹಾಕಿದ್ರಾ?

ಜಯನಗರ_ಫೋರ್ತ್_ಬ್ಲಾಕ್: ಹಾಕಿದ್ದೆ. ಅಡ್ಮಿಟ್ ಆಗಿಲ್ಲ ಅಂತ ಇಡೀ ಫೈಲ್ ವಾಪಸ್ ಕಳ್ಸಿದ್ರು, ಜೆರಾಕ್ಸ್ ದುಡ್ಡೂ ದಂಡ.