ಆರಡಿ ಟ್ಯಾಂಕ್ ಬಂದಿದೆ: ಜಗಳಗಂಟ ಸಿಕ್ಲಿಡ್ ಮೀನುಗಳನ್ನು ಯಾವ ಕ್ರಮದಲ್ಲಿ ಸಾಗಿಸಲಿ?

ತೊಟ್ಟಿಮನೆ:
ಎಲ್ಲರಿಗೂ ನಮಸ್ಕಾರ. ಸದ್ಯದ ಪರಿಸ್ಥಿತಿ ಹೀಗಿದೆ.

4×1.5×1.5 ಅಡಿ: 9 ಇಂಚಿನ ಆಸ್ಕರ್ ಎರಡು, 6 ಇಂಚಿನ ಗಂಡು ಗ್ರೀನ್ ಟೆರರ್, ಅಷ್ಟೇ ಉದ್ದದ ಗಂಡು ಜ್ಯಾಕ್ ಡೆಂಪ್ಸಿ, ಕನ್ವಿಕ್ಟ್ ಒಂದು ಜೋಡಿ.
2.5×1.25×1.25: 6 ಇಂಚಿನ ಫ್ಲವರ್‌ಹಾರ್ನ್ ಒಂದೇ.
6×2×2: ಹೊಸದು, ಸಂಪ್ (ಕೆಳಗಿಡೋ ಫಿಲ್ಟರ್ ತೊಟ್ಟಿ) ಇದೆ. ಒಂದು ವಾರದಿಂದ ಬರೀ ನೀರು ತಿರುಗ್ತಿದೆ.

ನಾಲ್ಕಡಿಯಲ್ಲಿ ಕನ್ವಿಕ್ಟ್ ನಿನ್ನೆ ಮಣ್ಣಿನ ಕುಂಡದೊಳಗೆ ಮೊಟ್ಟೆ ಇಟ್ಟಿದೆ. ಈಗ ಅರ್ಧ ಟ್ಯಾಂಕ್ ಅವುಗಳದ್ದೇ, ಆಸ್ಕರ್‌ಗಳೂ ಆ ಕಡೆ ಸುಳಿಯಲ್ಲ. ಉಳಿದ ಅರ್ಧದಲ್ಲಿ ಡೆಂಪ್ಸಿ ಗ್ರೀನ್ ಟೆರರನ್ನು ಅಟ್ಟುತ್ತೆ. ಗ್ರೀನ್ ಟೆರರ್ ಬಣ್ಣ ಕಳೆದುಕೊಂಡು, ಹೀಟರ್ ಹಿಂದಿನ ಮೂಲೆಯಲ್ಲಿ, ಮೂತಿ ನೀರಿನ ಮೇಲ್ಮಟ್ಟಕ್ಕೆ ತಾಗಿಸಿ ನಿಂತಿರುತ್ತೆ. ಬಾಲದ ಅಂಚು ಹರಿದು ಹಾಲಿನಂತೆ ಬೆಳ್ಳಗಾಗಿದೆ. ಫ್ಲವರ್‌ಹಾರ್ನನ್ನೂ ಸೇರಿಸಿ ಎಲ್ಲವನ್ನೂ ಆರಡಿಗೆ ಹಾಕಬಹುದಾ? ಬೋರ್‌ವೆಲ್ ನೀರು, ಪಿಎಚ್ 8ರ ಹತ್ತಿರ.

ಸಂಪ್‌ಪೈಪ್:
ಫ್ಲವರ್‌ಹಾರ್ನ್ ಖಂಡಿತ ಬೇಡ. ಅದನ್ನು ಒಂಟಿಯಾಗೇ ಸಾಕಬೇಕು. ಆಸ್ಕರ್ ಮೈಯಲ್ಲಿ ದೊಡ್ಡದೇ ಹೊರತು ಕಾದಾಟದಲ್ಲಿ ಅಲ್ಲ, ಫ್ಲವರ್‌ಹಾರ್ನ್ ಬೆಳೆದ ಮೇಲೆ ಆಸ್ಕರ್‌ನ ಕಣ್ಣು, ತುಟಿಗೇ ಬಾಯಿ ಹಾಕುತ್ತೆ. ಆರಡಿಗೆ (ಸುಮಾರು 680 ಲೀಟರ್) ಆಸ್ಕರ್ ಎರಡು, ಗ್ರೀನ್ ಟೆರರ್, ಡೆಂಪ್ಸಿ. ನಾಲ್ಕಡಿಗೆ (255 ಲೀಟರ್) ಫ್ಲವರ್‌ಹಾರ್ನ್. ಎರಡೂವರೆ ಅಡಿಗೆ (110 ಲೀಟರ್) ಕನ್ವಿಕ್ಟ್ ಜೋಡಿ.

ಆದರೆ ನಿಮ್ಮ ಆರಡಿ ಇನ್ನೂ ಸಿದ್ಧವಾಗಿಲ್ಲ. ಮೀನಿನ ಹೊಲಸಿನಿಂದ ಬರೋ ವಿಷ ಅಮೋನಿಯಾ. ಅದು ಸಿಗದೆ ಅದನ್ನು ತಿಂದುಹಾಕೋ ಫಿಲ್ಟರಿನ ಬ್ಯಾಕ್ಟೀರಿಯಾ ಬೆಳೆಯಲ್ಲ, ಬರೀ ನೀರು ಎಷ್ಟು ದಿನ ತಿರುಗಿದರೂ ಅಷ್ಟೇ. ಹಳೇ ಟ್ಯಾಂಕಿನ ನೀರು ಸುರಿದರೂ ಹೆಚ್ಚು ಪ್ರಯೋಜನವಿಲ್ಲ, ಯಾಕಂದ್ರೆ ಬ್ಯಾಕ್ಟೀರಿಯಾ ಅಂಟಿಕೊಂಡಿರೋದು ಫಿಲ್ಟರಿನೊಳಗಿನ ಮೀಡಿಯಾಕ್ಕೆ, ಅಂದ್ರೆ ಸೆರಾಮಿಕ್ ರಿಂಗ್, ಸ್ಪಾಂಜಿಗೆ. ನಾಲ್ಕಡಿ ಫಿಲ್ಟರಿನ ಮುಕ್ಕಾಲು ಪಾಲು ಮೀಡಿಯಾ ತೆಗೆದು, ಅದೇ ಟ್ಯಾಂಕಿನ ನೀರು ತುಂಬಿದ ಬಕೆಟ್‌ನಲ್ಲಿ ಮುಳುಗಿಸಿ ಒಯ್ದು ಸಂಪ್‌ಗೆ ಹಾಕಿ. ಅರ್ಧ ಸಾಲದು: ಹೆಚ್ಚು ಹೊಲಸು ಮಾಡೋ ನಾಲ್ಕು ಮೀನು ಅಲ್ಲಿಗೇ ಹೋಗ್ತಿವೆ, ನಾಲ್ಕಡಿಯಲ್ಲಿ ಇರೋದು ಒಂದೇ. ಮೀಡಿಯಾ ಮತ್ತು ಮೀನು ಒಂದೇ ದಿನ ಹೋಗಬೇಕು. ಮೀಡಿಯಾ ಮುಂಚೆ ಹೋದರೆ ಹಳೇ ಟ್ಯಾಂಕಲ್ಲಿ ಅಮೋನಿಯಾ ಏರುತ್ತೆ.

ಪಿಎಚ್ ನಾಲ್ಕಡಿ, ಆರಡಿ ಎರಡರಲ್ಲೂ ಅಳೆಯಿರಿ. ನೀರು ಬದಲಿಸೋದು ತಡವಾದ ಟ್ಯಾಂಕಿನಲ್ಲಿ ಅದು ಇಳಿದಿರುತ್ತೆ. ಮೂರು ದಿನ ಮೊದಲಿನಿಂದ ನಾಲ್ಕಡಿಗೆ ದಿನಾ 25–30% ಅದೇ ಬೋರ್‌ವೆಲ್ ನೀರು ಕೊಟ್ಟರೆ ಎರಡೂ ಹತ್ತಿರ ಬರುತ್ತವೆ. ಪಿಎಚ್ 7ಕ್ಕಿಂತ 8ರಲ್ಲಿ ಅಮೋನಿಯಾದ ವಿಷಕಾರಿ ಭಾಗ ಸುಮಾರು ಹತ್ತು ಪಟ್ಟು. ಹಾಗಾಗಿ ಎರಡು ವಾರ ದಿನಾ ಅಮೋನಿಯಾ, ನೈಟ್ರೈಟ್ (ಅಮೋನಿಯಾದಿಂದ ಆಗೋ ಇನ್ನೊಂದು ವಿಷ) ಟೆಸ್ಟ್ ಮಾಡಿ, 0.25 ಪಿಪಿಎಂ ಕಂಡ ದಿನವೇ 40% ನೀರು ಬದಲಿಸಿ. ಊಟ ಅರ್ಧಕ್ಕೆ ಇಳಿಸಿ.

ಹಳೇ ಕಲ್ಲು, ಕುಂಡಗಳನ್ನು ಆರಡಿಯಲ್ಲಿ ಅದೇ ಜೋಡಣೆಯಲ್ಲಿ ಇಟ್ಟರೆ ಜಗಳವೂ ಜೊತೆಗೇ ಹೋಗುತ್ತೆ. ನಡುವೆ ಎತ್ತರದ ಕಲ್ಲಿನ ಗುಡ್ಡೆ ಕಟ್ಟಿ, ಒಂದು ತುದಿಯ ಮೀನಿಗೆ ಇನ್ನೊಂದು ತುದಿ ಕಾಣಬಾರದು. ಕಲ್ಲು ಕೂರಬೇಕಾದ್ದು ಮರಳಿನ ಮೇಲಲ್ಲ, ತಳಕ್ಕೆ ಹಾಸಿದ ತೆಳು ಫೋಮ್ ಶೀಟಿನ ಮೇಲೆ. ಮರಳು ಆಮೇಲೆ. ಆಸ್ಕರ್ ಮರಳು ಅಗೆದಾಗ ಗುಡ್ಡೆ ಜಾರಿದರೆ ತಳದ ಗಾಜೇ ಸೀಳುತ್ತೆ. ಅಡಗೋಕೆ 4 ಇಂಚಿನ ಪಿವಿಸಿ ಪೈಪ್ ತುಂಡು, ಎರಡೂ ಕಡೆ ಬಾಯಿ ತೆರೆದಿರಲಿ. ಒಂದೇ ಬಾಯಿಯ ಗವಿಯೊಳಗೆ ಸಿಕ್ಕಿಬಿದ್ದ ಮೀನಿಗೆ ತಪ್ಪಿಸಿಕೊಳ್ಳೋ ದಾರಿ ಇರಲ್ಲ.

ಬೆಳಿಗ್ಗೆ ಮೊದಲು ಗ್ರೀನ್ ಟೆರರ್. ಪೆಟ್ಟು ತಿಂದದ್ದು ಮೊದಲು ಜಾಗ ನೋಡಿಕೊಳ್ಳಲಿ. ಮಧ್ಯಾಹ್ನ ಆಸ್ಕರ್‌ಗಳು. ರಾತ್ರಿ ಲೈಟ್ ಆರಿಸಿದ ಮೇಲೆ ಕೊನೆಗೆ ಡೆಂಪ್ಸಿ. ಮರುದಿನ ಬೆಳಿಗ್ಗೆವರೆಗೆ ಲೈಟ್ ಬೇಡ. ಆಸ್ಕರನ್ನು ಬಲೆಯಲ್ಲಿ ಎತ್ತಬೇಡಿ, ರೆಕ್ಕೆಯ ಮುಳ್ಳು ಸಿಕ್ಕಿ ಹರಿಯುತ್ತೆ. ನೀರಿನೊಳಗೇ ಮುಚ್ಚಳದ ಡಬ್ಬಿಗೆ ಹೊಗಿಸಿ ನೀರಿನ ಸಮೇತ ಎತ್ತಿ.

ಚೌಕಳಿ:
ಕ್ರಮ ಸರಿ ಇದೆ. ಆದರೆ ಗ್ರೀನ್ ಟೆರರ್ ಈ ಸ್ಥಿತಿಯಲ್ಲಿರುವಾಗ ಎರಡು ವಾರ ಪಾರ್ಟಿಷನ್ ಹಾಕಲೇಬೇಕು ಅಂತೀನಿ. ಹೊಸ ಜಾಗ ಅಂತ ಡೆಂಪ್ಸಿ ಒಂದೆರಡು ದಿನ ತಣ್ಣಗಿರುತ್ತೆ, ಆಮೇಲೆ ಮತ್ತೆ ಶುರು.

ಫಾಲ್ಸ್ ಸೀಲಿಂಗ್ ಲೈಟಿಗೆ ಹಾಕೋ ಬಿಳಿ ಚೌಕಳಿ ಪ್ಲಾಸ್ಟಿಕ್ ಶೀಟ್ ಸಾಕು. ಅಗಲ ಎರಡಡಿ ಅಂತ ಕತ್ತರಿಸಬೇಡಿ: 12 ಎಂಎಂ ಗಾಜಾದರೆ ಒಳ ಅಗಲ 58.6 ಸೆಂಮೀ ಮಾತ್ರ, 58ಕ್ಕೆ ಕತ್ತರಿಸಿ. ಎತ್ತರ ಮುಚ್ಚಳ ಮುಟ್ಟಲಿ, ಇಲ್ಲದಿದ್ದರೆ ಹಾರಿ ಆಚೆ ಬೀಳುತ್ತೆ. ತಳ ಮರಳಿನಲ್ಲಿ ಹೂತು ಎರಡೂ ಬದಿ ಕಲ್ಲು ಒತ್ತಿಡಿ. ನೀರು ಸಂಪ್‌ಗೆ ಇಳಿಯೋದು ಒಂದು ಬದಿಯಿಂದ, ವಾಪಸ್ ಬೀಳೋದು ಇನ್ನೊಂದು ಬದಿಗೆ ಇರಬೇಕು, ಇಲ್ಲದಿದ್ದರೆ ಒಂದು ಕಡೆ ನೀರು ನಿಂತುಬಿಡುತ್ತೆ. ಗ್ರೀನ್ ಟೆರರ್‌ಗೆ ಎರಡಡಿ, ಉಳಿದವಕ್ಕೆ ನಾಲ್ಕಡಿ. ಬಾಲದ ಅಂಚಲ್ಲಿ ಪಾರದರ್ಶಕ ಹೊಸ ಪೊರೆ ಕಂಡು, ಅದು ನಡುನೀರಿಗೆ ಬಂದು ಊಟ ತಿನ್ನೋಕೆ ಶುರು ಮಾಡಿದ ಮೇಲೆ ಶೀಟ್ ತೆಗೆಯಿರಿ. ತೆಗೆಯೋ ದಿನ ಕಲ್ಲುಗಳನ್ನೂ ಮತ್ತೆ ಬದಲಾಯಿಸಿ.

ತೊಟ್ಟಿಮನೆ:
ಧನ್ಯವಾದ. ಮೊಟ್ಟೆ ಒಡೆಯೋವರೆಗೆ ಕಾಯಲಾ? ಮೀನು ಹೆಚ್ಚು ಹಾಕಿದರೆ ಜಗಳ ಹಂಚಿಹೋಗುತ್ತೆ ಅಂತ ಅಂಗಡಿಯಲ್ಲಿ ಹೇಳಿದ್ರು. ಅದು ನಿಜಾನಾ?

ಮರಳುಕಲ್ಲು:
ಆ ಲೆಕ್ಕ ಆಫ್ರಿಕಾದ ಮಲಾವಿ ಸರೋವರದ ಎಂಬುನಾ ಅನ್ನೋ ಸಿಕ್ಲಿಡ್‌ಗಳದ್ದು. ನಾಲ್ಕಡಿಯಲ್ಲಿ 15–20 ಇದ್ದರೆ ಪೆಟ್ಟು ಒಂದಕ್ಕೇ ಬೀಳದೆ ಹಂಚಿಹೋಗುತ್ತೆ. ಡೆಂಪ್ಸಿ, ಕನ್ವಿಕ್ಟ್ ಮಧ್ಯ ಅಮೆರಿಕದವು, ಜೋಡಿ ಕಟ್ಟಿ ಜಾಗ ಕಾಯುತ್ತವೆ. ಇಲ್ಲಿ ಮೀನು ಹೆಚ್ಚಿಸಿದರೆ ಗಾಯಗೊಂಡವು ಹೆಚ್ಚುತ್ತವೆ, ಅಷ್ಟೇ.

ಮೊಟ್ಟೆಗೆ ಕಾಯಬೇಡಿ. 27 ಡಿಗ್ರಿಯಲ್ಲಿ ಮೂರು ದಿನಕ್ಕೆ ಒಡೆಯುತ್ತೆ, ವಾರದ ಹೊತ್ತಿಗೆ ಮರಿ ಈಜುತ್ತವೆ. ಆಗ ತಂದೆತಾಯಿಯ ಸಿಟ್ಟು ಇನ್ನೂ ಜಾಸ್ತಿ, ಗ್ರೀನ್ ಟೆರರ್ ಅಲ್ಲಿವರೆಗೆ ತಾಳಲ್ಲ. ನಾಲ್ಕು ದೊಡ್ಡವನ್ನು ಸಾಗಿಸಿದ ಮಾರನೇ ದಿನ ಕನ್ವಿಕ್ಟ್ ಜೋಡಿಯನ್ನು ಏರ್‌ಸ್ಟೋನ್ ಹಾಕಿದ ಬಕೆಟ್‌ಗೆ ತೆಗೆಯಿರಿ, ಫ್ಲವರ್‌ಹಾರ್ನನ್ನು ನಾಲ್ಕಡಿಗೆ ಬಿಡಿ, ಖಾಲಿಯಾದ ಎರಡೂವರೆ ಅಡಿಗೆ ಜೋಡಿಯನ್ನು ಹಾಕಿ. ಕುಂಡವನ್ನು ಗಾಳಿಗೆ ಎತ್ತದೆ, ನೀರಿನೊಳಗೇ ಸಣ್ಣ ಟಬ್‌ಗೆ ಇಳಿಸಿ ಒಯ್ಯಿರಿ. ಇಷ್ಟಾದರೂ ಮೊಟ್ಟೆ ತಿಂದುಬಿಡಬಹುದು, ಕೆಲವೇ ವಾರದಲ್ಲಿ ಮತ್ತೆ ಇಡುತ್ತವೆ.

ಒಂದು ಎಚ್ಚರ: ಅಟ್ಟೋಕೆ ಬೇರೆ ಮೀನು ಇಲ್ಲದಾಗ ಗಂಡು ಹೆಣ್ಣಿನ ಮೇಲೇ ತಿರುಗಬಹುದು. ಕುಂಡಕ್ಕೆ ಎದುರಿನ ಮೂಲೆಯಲ್ಲಿ ಒಂದೂವರೆ ಇಂಚಿನ ಪೈಪ್ ತುಂಡು ಹಾಕಿಡಿ. ಹೆಣ್ಣು ತೂರಬೇಕು, ಗಂಡಿನ ಭುಜ ಪೈಪಿನ ಬಾಯಲ್ಲೇ ತಡೆಯಬೇಕು. ಹಾಗೆ ನೋಡಿ ಅಳತೆ ಆರಿಸಿ.