ಗಂಟಿಗೆ ಸೂಜಿ ಪರೀಕ್ಷೆ: ಪೆಥಾಲಜಿ ಡಾಕ್ಟರಿಗೆ ನಿಮ್ಮ ಪ್ರಶ್ನೆಗಳು

ಮಂಜುಳಾ: ಮೇಡಂ, ಅಮ್ಮನ ಕತ್ತಿನ ಗಂಟಿಗೆ ಎಫ್‌ಎನ್‌ಎಸಿ (ಸೂಜಿಯಿಂದ ಕಣ ತೆಗೆದು ನೋಡುವ ಪರೀಕ್ಷೆ) ಮಾಡಿಸಿ ಎಂದಿದ್ದಾರೆ. ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತದಂತೆ, ಹೌದಾ?

ಡಾಕ್ಟರ್: ಆ ಭಯ ಬೇಡ. ರಕ್ತ ತೆಗೆಯುವ ಸೂಜಿಯಷ್ಟೇ ತೆಳು ಇರುತ್ತದೆ. ಮಾಡಿಸಿ.

ಪ್ರಕಾಶ್: ತಮ್ಮನಿಗೆ 22 ವರ್ಷ. ಕತ್ತಿನ ಗಂಟಿಗೆ ಟಿಬಿ ಇರಬಹುದು ಅಂತ ಎರಡು ತಿಂಗಳು ಮಾತ್ರೆ ಕೊಟ್ಟರು, ಇಳಿಯಲಿಲ್ಲ. ಎಫ್‌ಎನ್‌ಎಸಿ ರಿಪೋರ್ಟಿನಲ್ಲಿ 'ಲಿಂಫೋಮಾ ಇರಬಹುದು, ಬ್ಲಾಸ್ಟ್ ತರಹದ ಕಣಗಳು, ಬಲಿಯದ ಇಯೋಸಿನೋಫಿಲ್' ಅಂತಿದೆ. ರಕ್ತ ಪರೀಕ್ಷೆ ನಾರ್ಮಲ್. ಹಾಗಾದರೆ ಬ್ಲಡ್ ಕ್ಯಾನ್ಸರ್ ಅಲ್ಲ, ಅಲ್ವಾ?

ಡಾಕ್ಟರ್: ಹಾಗೆ ಹೇಳಲಾಗುವುದಿಲ್ಲ ಪ್ರಕಾಶ್. 'ಬಲಿಯದ ಇಯೋಸಿನೋಫಿಲ್' ಅನ್ನೋ ಮಾತು ಓದಿ ನನಗೆ ಆತಂಕವಾಯಿತು. ಇಯೋಸಿನೋಫಿಲ್ ಅಂದರೆ ಒಂದು ಬಗೆಯ ಬಿಳಿ ರಕ್ತಕಣ. ಅಪರೂಪಕ್ಕೆ ಲ್ಯುಕೇಮಿಯಾದ, ಅಂದರೆ ಬ್ಲಡ್ ಕ್ಯಾನ್ಸರಿನ, ಬ್ಲಾಸ್ಟ್ ಕಣಗಳು (ತೀರಾ ಎಳೆಯ ರಕ್ತಕಣಗಳು) ಗಂಟಾಗಿ ಕೂರುತ್ತವೆ. ಮೈಲಾಯ್ಡ್ ಸಾರ್ಕೋಮಾ ಅಂತಾರೆ. ರಕ್ತದಲ್ಲಿ ರೋಗ ಕಾಣುವುದಕ್ಕೆ ತಿಂಗಳುಗಳ ಮೊದಲೇ ಇದು ಬರಬಹುದು. ಸ್ಲೈಡಿನಲ್ಲಿ ಥೇಟ್ ಲಿಂಫೋಮಾ (ದುಗ್ಧಗ್ರಂಥಿಯ ಕ್ಯಾನ್ಸರ್) ತರಹವೇ ಕಾಣುತ್ತದೆ. ಆದರೆ ಜೀಮ್ಸಾ ಬಣ್ಣ ಹಾಕಿದಾಗ, ದೊಡ್ಡ ದೊಡ್ಡ ಕಣಗಳ ನಡುವೆ ಕಿತ್ತಳೆ ಕಾಳು ತುಂಬಿದ ಎಳೆ ಕಣಗಳು, ಅಂದರೆ ಬಲಿಯದ ಇಯೋಸಿನೋಫಿಲ್, ಕಂಡರೆ ಅನುಮಾನ ಪಡಲೇಬೇಕು. ಹಾಡ್ಜ್‌ಕಿನ್ ಲಿಂಫೋಮಾದಲ್ಲೂ ಇಯೋಸಿನೋಫಿಲ್ ಇರುತ್ತವೆ, ಅವು ಬಲಿತವು.

ಮೈಲೋಪೆರಾಕ್ಸಿಡೇಸ್ ಪರೀಕ್ಷೆ (ಇಂಥ ಲ್ಯುಕೇಮಿಯಾ ಕಣಗಳನ್ನು ಗುರುತಿಸುವುದು) ಆಗಿದೆಯಾ ಕೇಳಿ. ಬಯಾಪ್ಸಿ, ಬೋನ್ ಮ್ಯಾರೋ ಎರಡೂ ಬೇಕು. ಇದೇ ರೋಗವಾಗಿದ್ದರೆ, ರಕ್ತ ನಾರ್ಮಲ್ ಇದ್ದರೂ ಎಎಂಎಲ್ (ಒಂದು ಬಗೆಯ ಬ್ಲಡ್ ಕ್ಯಾನ್ಸರ್) ಚಿಕಿತ್ಸೆಯೇ ಕೊಡಬೇಕು. ಬಯಾಪ್ಸಿಗೆ ಮೊದಲು ಯಾರೂ ಸ್ಟಿರಾಯ್ಡ್ ಕೊಡದಂತೆ ನೋಡಿಕೊಳ್ಳಿ. ಲಿಂಫೋಮಾ ಆಗಿದ್ದರೆ ಗಂಟು ಕುಗ್ಗಿ ರೋಗ ಪತ್ತೆಯೇ ಆಗದೆ ಹೋಗಬಹುದು. ನಾಳೆಯೇ ಸ್ಲೈಡ್ ಈಸ್ಕೊಂಡು ರಕ್ತರೋಗ ತಜ್ಞರ ಹತ್ತಿರ ಹೋಗಿ.

ಸುರೇಶ್: ಲಕ್ಷ್ಮಣಫಲದ ಎಲೆ ಕಷಾಯ 40 ದಿನ ಕುಡಿದರೆ ಎಂಥ ಗಂಟೂ ಕರಗುತ್ತದೆ. ಎಲ್ಲರಿಗೂ ಕಳಿಸಿ.

ಡಾಕ್ಟರ್: ಇವತ್ತು ಇದು ಮೂರನೇ ಸಲ. ಪ್ರಕಾಶ್ ಅವರ ತಮ್ಮನಿಗೆ 40 ದಿನ ಕಾಯುವಷ್ಟು ಟೈಮ್ ಇಲ್ಲ. ಹಾಕಬೇಡಿ.

ಗೀತಾ: ಸುರೇಶಣ್ಣ, ನಮ್ಮತ್ತೆ ಇದನ್ನೇ ಕುಡಿಯುತ್ತಾ ಕೂತು ತಡ ಮಾಡಿಕೊಂಡರು.

ಸುರೇಶ್: ಅವರಿಗೆ ವಯಸ್ಸಾಗಿತ್ತಲ್ಲ. ಕಷಾಯದ್ದೇನು ತಪ್ಪು?

ಗೀತಾ: 51 ಒಂದು ವಯಸ್ಸಾ? ಆಸ್ಪತ್ರೆಗೆ ಹೋದಾಗ ಗಂಟು ನಿಂಬೆಹಣ್ಣಿನಷ್ಟಾಗಿತ್ತು.

ಸುರೇಶ್: ಇಂಗ್ಲಿಷ್ ಔಷಧಿಯಲ್ಲಿ ಯಾರೂ ಸಾಯೋದೇ ಇಲ್ವಾ?

ಗೀತಾ: ನೀವು ಸುಮ್ನಿರಿ.

ನಾಗರಾಜ್: ಎಫ್‌ಎನ್‌ಎಸಿಗೆ ಎಷ್ಟು ಖರ್ಚಾಗುತ್ತದೆ ಮೇಡಂ?

ರೇಖಾ: ಸೂಜಿಯಿಂದ ಕ್ಯಾನ್ಸರ್ ಹರಡುತ್ತದಾ ಮೇಡಂ?

ಡಾಕ್ಟರ್: ಇಲ್ಲ. ಮೇಲೆ ಓದಿ.

ಪ್ರಕಾಶ್: ಮೇಡಂ, ಲ್ಯಾಬ್‌ಗೆ ಫೋನ್ ಮಾಡಿದೆ. ನಾಲ್ಕು ಸ್ಲೈಡ್ ಇದೆಯಂತೆ, ಒಂದಕ್ಕೆ ಬಣ್ಣವೇ ಹಾಕಿಲ್ಲವಂತೆ.

ಡಾಕ್ಟರ್: ಅದನ್ನು ಮರೆಯದೆ ತೆಗೆದುಕೊಂಡು ಹೋಗಿ. ಪೆರಾಕ್ಸಿಡೇಸ್ ಅದರ ಮೇಲೇ ಹಾಕಿ ನೋಡಬಹುದು.